ಒಂಬತ್ತನೇ ಕಾಲಂ

ಜಮೀನಿನ ಪಹಣಿ ಕೈಗೆ ಬಂದರೆ ನಮ್ಮೂರಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಒಂಬತ್ತನೇ ಕಾಲಂಗೆ. ಖಾತೆದಾರರ ಹೆಸರು ಇರುವುದು ಅಲ್ಲಿ. ಸಾಲ ಸೋಲ ಹನ್ನೊಂದರಲ್ಲಿ ಇರುತ್ತದೆ, ಯಾರು ಉಳುತ್ತಿದ್ದಾರೆ, ಏನು ಬೆಳೆ ಅನ್ನೋದು ಹನ್ನೆರಡರಲ್ಲಿ. ಅದನ್ನೆಲ್ಲ ಆಮೇಲೆ ನೋಡಿದರೂ ನಡೆಯುತ್ತದೆ. ಒಂಬತ್ತರಲ್ಲಿ ಹೆಸರಿದ್ದವನು ಯಜಮಾನ. ಇಲ್ಲದವನು ಜಗಲಿ ಮೇಲೆ ಕೂತು ಬಾಯಿ ಮಾಡಬಹುದು, ಅಷ್ಟೇ.

ನಮ್ಮಪ್ಪ ಅರವತ್ತೆಂಟು ವರ್ಷ ಬದುಕಿದರು. ಅದರಲ್ಲಿ ಐವತ್ತು ವರ್ಷ ತಿಪಟೂರು ತಾಲೂಕಿನ ನಮ್ಮ ತೆಂಗಿನ ತೋಟದಲ್ಲೇ ಕಳೆದರು. ಗುಣಿ ತೆಗೆದರು, ನೀರು ಕಟ್ಟಿದರು, ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿಸಿದರು, ವರ್ಷ ಕಾದು ಕೊಬ್ಬರಿ ಸುಲಿಸಿದರು. 2018ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಒಂಬತ್ತನೇ ಕಾಲಂನಲ್ಲಿ ಅವರ ಹೆಸರಿರಲಿಲ್ಲ. ದೊಡ್ಡಪ್ಪನ ಹೆಸರೊಂದೇ ಇತ್ತು.

ದೊಡ್ಡಪ್ಪ ಮೋಸ ಮಾಡಿದರು ಅಂತ ನೀವೀಗ ಅಂದುಕೊಂಡಿರಬಹುದು. ನಾನೂ ಮೂರು ವರ್ಷ ಹಾಗೇ ಅಂದುಕೊಂಡಿದ್ದೆ.

ನಮ್ಮದು ಎರಡು ಸರ್ವೆ ನಂಬರ್. ತೋಟ 3 ಎಕರೆ 8 ಗುಂಟೆ, ಅಜ್ಜನಿಗೆ ಅವರಪ್ಪನಿಂದ ಬಂದದ್ದು. ಇನ್ನೊಂದು 2 ಎಕರೆ 20 ಗುಂಟೆ ಹೊಲ. ಅದನ್ನು ಅಜ್ಜ ಊರಿನ ಧಣಿಗಳಿಂದ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಗೇಣಿಗೆ, ಹಿಡಿದು ಉಳುತ್ತಿದ್ದರು. ದೇವರಾಜ ಅರಸು ಕಾಲದ ಭೂಸುಧಾರಣೆ ಬಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುವವನು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಕೊಡಬೇಕಿತ್ತು. ಕೊನೇ ದಿನ 1979ರ ಜೂನ್ 30. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಆಗಿನ್ನೂ ಹುಡುಗಾಟಿಕೆಯವರು. ಹೋಗಿ ಫಾರಂ ತುಂಬಿದ್ದು ದೊಡ್ಡಪ್ಪ. ತುಂಬಿದ್ದು ತಮ್ಮ ಹೆಸರಿನಲ್ಲಿ.

ಮುಂದೆ 1986ರಲ್ಲಿ ಅಜ್ಜ ಹೋದರು. ತೋಟದ ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಮತ್ತೆ ಹೋದದ್ದು ದೊಡ್ಡಪ್ಪನೇ. ಸೇರಿದ್ದು ಅವರ ಹೆಸರೇ.

ಎಷ್ಟೋ ವರ್ಷ ಆದಮೇಲೆ ಈ ಮಾತು ತೆಗೆದಾಗ ದೊಡ್ಡಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ಹೇಳಿದರು: "ಆ ಮಂಡಳಿ ಮುಂದೆ ಹನ್ನೊಂದು ಸಲ ನಿಂತಿದೀನಿ ಕಣಮ್ಮ. ಬಸ್ಸಿಗೆ ದುಡ್ಡಿಲ್ದೆ ಒಂದ್ಸಲ ನಡ್ಕಂಡೇ ಬಂದೆ. ನಿಮ್ಮಪ್ಪ ಒಂದಿನ ಬಂದಿದ್ನಾ ಕೇಳು." ಅಪ್ಪ ಬಂದಿರಲಿಲ್ಲ, ನಿಜ. ಅಪ್ಪ ಆ ಹನ್ನೊಂದು ದಿನವೂ ಹೊಲದಲ್ಲಿದ್ದರು. ಎತ್ತಿನ ಹಿಂದೆ ಯಾರಾದರೂ ಇರಬೇಕಿತ್ತಲ್ಲ.

ಆಫೀಸಿಗೆ ಯಾರು ಓಡಾಡಿದರೋ ಅವರ ಹೆಸರು ಕಾಗದಕ್ಕೆ ಬರುತ್ತದೆ. ನಮ್ಮ ಜಿಲ್ಲೆಯ ಅರ್ಧ ಜಮೀನು ವ್ಯಾಜ್ಯಗಳ ಹುಟ್ಟು ಇಷ್ಟೇ ಅಂತ ನನಗೆ ಈಗ ಅನಿಸುತ್ತದೆ.

ನಾವು ವಕೀಲರ ಹತ್ತಿರ ಹೋಗುವ ಹಾಗಾದದ್ದು 2022ರ ಬೇಸಿಗೆಯಲ್ಲಿ. ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ರಸ್ತೆ ಪಕ್ಕದ ಹೊಲವನ್ನು ಯಾರಿಗೋ ಕೊಡುವ ಮಾತುಕತೆ ನಡೆಸಿದ್ದಾನೆ, ಅಡ್ವಾನ್ಸ್ ಕೂಡ ತಗೊಂಡಿದ್ದಾನೆ ಅಂತ ತಮ್ಮ ಫೋನ್ ಮಾಡಿದ. ನಾನು ಬೆಂಗಳೂರಿನಲ್ಲಿ ಒಂದು ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುವವಳು. ಲೆಕ್ಕ ಬರುತ್ತದೆ, ಕಾನೂನು ಬರುವುದಿಲ್ಲ. ಭಾನುವಾರ ರೈಲು ಹತ್ತಿದೆ.

ವಕೀಲರ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಗೋಡೆಯುದ್ದಕ್ಕೂ ಕೆಂಪು ದಾರ ಸುತ್ತಿದ ಕಡತಗಳು. ಒಂದರ ಬೆನ್ನಿನ ಮೇಲೆ 1994 ಅಂತ ಇತ್ತು. "ಇನ್ನೂ ನಡೀತಿದೆಯಾ ಸಾರ್?" ಅಂತ ಕೇಳಿದೆ. "ದಾವೆ ಹಾಕಿದೋರು ಹೋದ್ರು. ಅವರ ಮಕ್ಕಳು ನಡೆಸ್ತಿದಾರೆ," ಅಂದರು.

ನಾನು ತಂದ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಕೈಬರಹದ ಹಳೇ ಪಹಣಿ, ಭೂಮಿ ಯೋಜನೆ ಬಂದಮೇಲಿನ ಕಂಪ್ಯೂಟರ್ ಪಹಣಿ, ಖಾತೆ ಬದಲಾವಣೆಯ ಮ್ಯುಟೇಶನ್ ನಕಲು, ಮಂಡಳಿಯ ಆದೇಶ, ಅದರ ಮೇಲೆ ಕೊಟ್ಟ ಫಾರಂ 10, ಋಣಭಾರ ಪತ್ರ. ಕೊನೆಗೆ ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಒಂದು ಛಾಪಾಕಾಗದ. 1996ರ ಪಾಲುಪಟ್ಟಿ. ಊರಿನ ಐದು ಜನ ಹಿರಿಯರು ಕೂತು ಅಣ್ಣತಮ್ಮಂದಿರಿಗೆ ಪಾಲು ಮಾಡಿದ್ದರು. ಇಬ್ಬರ ಸಹಿ, ಐವರ ಸಾಕ್ಷಿ, ಅದರಲ್ಲಿ ಎರಡು ಹೆಬ್ಬೆಟ್ಟು. ಅಪ್ಪ ಇದನ್ನು ಚಿನ್ನದ ಹಾಗೆ ಕಾಪಾಡಿದ್ದರು.

ವಕೀಲರು ಅದನ್ನು ಓದಿ ಪಕ್ಕಕ್ಕಿಟ್ಟರು. "ರಿಜಿಸ್ಟರ್ ಆಗಿಲ್ಲ," ಅಂದರು.

ಬಾಯಿಮಾತಿನಲ್ಲಿ ಪಾಲಾಗಬಹುದಂತೆ. ಆದ ಪಾಲನ್ನು ನೆನಪಿಗೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲೂ ಬಹುದಂತೆ. ಆದರೆ ಆ ಕಾಗದವೇ ಪಾಲು ಮಾಡುವಂತಿದ್ದರೆ ಅದು ನೋಂದಣಿ ಆಗಿರಬೇಕು. ನಮ್ಮದರಲ್ಲಿ ಸ್ಪಷ್ಟವಾಗಿ "ಈ ಪತ್ರದ ಮೂಲಕ ಈ ದಿನ ವಿಭಾಗ ಮಾಡಿಕೊಂಡಿರುತ್ತೇವೆ" ಅಂತ ಬರೆದಿತ್ತು. ಬರೆದವರು ಅಂದವಾಗಿ ಬರೆಯೋಣ ಅಂತ ಹಾಗೆ ಬರೆದಿದ್ದರು. ಆ ಒಂದು ಸಾಲಿನಿಂದ ಪತ್ರ ಕೆಲಸಕ್ಕೆ ಬಾರದ ಹಾಗಾಯಿತು. ಅದರ ಮೇಲೆ ಖಾತೆಯಾದರೂ ಬದಲಾಗಿದ್ದರೆ ಒಂದು ಆಧಾರ ಇರುತ್ತಿತ್ತು. ಅದೂ ಆಗಿರಲಿಲ್ಲ. ಯಾಕೆಂದರೆ ಅದಕ್ಕೆ ಯಾರಾದರೂ ತಾಲೂಕಾಫೀಸಿಗೆ ಹೋಗಬೇಕಿತ್ತು.

ನನ್ನ ಮುಖ ನೋಡಿ ಅವರೇ ಮುಂದುವರಿಸಿದರು. ಪಹಣಿಯಲ್ಲಿ ಹೆಸರಿದೆ ಅಂತ ಆಸ್ತಿ ಅವರದೇ ಆಗಿಬಿಡೋದಿಲ್ಲ. ಭೂಕಂದಾಯ ಕಾಯ್ದೆ ಪ್ರಕಾರ ಪಹಣಿಯಲ್ಲಿ ಇರುವುದು ಸರಿ ಅಂತ ಕೋರ್ಟು ನಂಬಿಕೊಂಡು ಶುರು ಮಾಡುತ್ತದೆ, ಅಲ್ಲ ಅಂತ ತೋರಿಸಿದರೆ ಬಿಡುತ್ತದೆ. ಮ್ಯುಟೇಶನ್ ಅನ್ನೋದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನುವ ಲೆಕ್ಕ. ಹಕ್ಕು ಹುಟ್ಟುವುದು ಅದರಿಂದಲ್ಲ. ಹಾಗೇ ಫಾರಂ 7ರ ಜಮೀನು. ಕುಟುಂಬವೆಲ್ಲ ಸೇರಿ ಉಳುತ್ತಿದ್ದು, ಹಿರಿಯ ಮಗ ಎಲ್ಲರ ಪರವಾಗಿ ಅರ್ಜಿ ಹಾಕಿದ್ದರೆ, ಆದೇಶ ಅವನ ಹೆಸರಿಗೆ ಬಂದಿದ್ದರೂ ಜಮೀನು ಕುಟುಂಬದ್ದೇ. ಆದರೆ ಅದನ್ನು ನಾವು ತೋರಿಸಬೇಕು. "ಹಳೇ ಕೈಬರಹದ ಪಹಣಿಯಲ್ಲಿ ನಿಮ್ಮಜ್ಜನ ಹೆಸರು ಹನ್ನೆರಡನೇ ಕಾಲಂನಲ್ಲಿ ಇದೆ ನೋಡಿ," ಅಂತ ಬೆರಳಿಟ್ಟರು. 1970ರ ಸುಮಾರಿನ ಹಾಳೆ. ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಅಜ್ಜನ ಹೆಸರನ್ನು ಸರ್ಕಾರಿ ಕಾಗದದಲ್ಲಿ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ತಯಾರಿರಲಿಲ್ಲ.

"ನಿಮ್ಮಜ್ಜನಿಗೆ ಹೆಣ್ಣುಮಕ್ಕಳು?"

ಒಬ್ಬಳು ಅತ್ತೆ ಇದ್ದಾಳೆ ಅಂದೆ. ಅರಸೀಕೆರೆ ಕಡೆ ಕೊಟ್ಟಿದ್ದು, 1978ರಲ್ಲಿ ಮದುವೆ ಅಂದೆ.

"ವಂಶವೃಕ್ಷದಲ್ಲಿ ಇಲ್ವಲ್ಲಮ್ಮ."

ಇರಲಿಲ್ಲ. ಪೌತಿ ಖಾತೆಗೆ ಅಂತ 1987ರಲ್ಲಿ ಬರೆಸಿದ ವಂಶವೃಕ್ಷದಲ್ಲಿ ಅಜ್ಜನ ಕೆಳಗೆ ಎರಡೇ ಗೆರೆ. ದೊಡ್ಡಪ್ಪ, ಅಪ್ಪ. ನಾಚಿಕೆಯ ವಿಷಯ ಏನೆಂದರೆ, ಬೆಂಗಳೂರಿನಿಂದ ಬರುವಾಗ ರೈಲಿನಲ್ಲಿ ಕೂತು ನಾನೂ ಒಂದು ವಂಶವೃಕ್ಷ ಬರೆದುಕೊಂಡು ಬಂದಿದ್ದೆ. ನನ್ನ ಹೆಸರನ್ನು ಮರೆಯದೆ ಹಾಕಿದ್ದೆ, ದಪ್ಪಗೆ. ಅದರಲ್ಲೂ ಅತ್ತೆ ಇರಲಿಲ್ಲ.

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳನ್ನು ಆವತ್ತು ಅವರು ಒಂದೊಂದಾಗಿ ಬಿಡಿಸಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ಮೈಸೂರು ಸಂಸ್ಥಾನದವರು 1933ರಲ್ಲೇ ಒಂದು ಕಾಯ್ದೆ ಮಾಡಿ, ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಸ್ವಲ್ಪ ಪಾಲು ಅಂತ ಇಟ್ಟಿದ್ದರು. ನಮ್ಮ ಅಜ್ಜಿಯ ಕಾಲದ ಕಾಯ್ದೆ. ಅಜ್ಜಿಗೆ ಯಾರೂ ಹೇಳಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಅಪ್ಪ ಸತ್ತರೆ ಅಪ್ಪನ ಪಾಲಿನಲ್ಲಿ ಮಗಳಿಗೂ ಹಕ್ಕು ಬಂತು, ಮದುವೆಯಾಗಿರಲಿ ಬಿಡಲಿ. ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೆ ಉಳಿಯಿತು. ಕರ್ನಾಟಕ ಇದನ್ನು ಕೇಂದ್ರಕ್ಕಿಂತ ಮೊದಲೇ ತಿದ್ದಿತು. 1990ರ ತಿದ್ದುಪಡಿ, ಜಾರಿಗೆ ಬಂದದ್ದು 1994ರ ಜುಲೈ 30. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಸಿಗಲಿಲ್ಲ. ಆ ಗೆರೆಯಲ್ಲಿ ನಾನು ಈಚೆ, ಅತ್ತೆ ಆಚೆ. ನನ್ನ ಮದುವೆ 2003ರಲ್ಲಿ.

ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂದಾಗ ಆ ಗೆರೆಯೂ ಅಳಿಸಿತು. ಆಮೇಲೂ ಒಂದು ತಕರಾರು ಉಳಿದಿತ್ತು. ಆ ದಿನಕ್ಕೆ ಅಪ್ಪ ಬದುಕಿರಬೇಕಾ, ಸತ್ತಿದ್ದರೂ ನಡೆಯುತ್ತಾ ಅಂತ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪ್ಪ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬರುವುದು ಅಂತ ಹೇಳಿ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಕೆದಕುವ ಹಾಗಿಲ್ಲ. ಬಾಯಿಮಾತಿನ ಪಾಲನ್ನು ಒಪ್ಪಬೇಕಾದರೆ ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಬೇಕು. ಅಪ್ಪ ಕಾಪಾಡಿದ ಆ 1996ರ ಕಾಗದ ಇಲ್ಲಿಯೂ ಬಿದ್ದುಹೋಯಿತು.

"ಅಂದ್ರೆ ಅತ್ತೆಗೂ?"

"ಮೂರರಲ್ಲಿ ಒಂದು. ನಿಮ್ಮ ದೊಡ್ಡಪ್ಪನಿಗೆಷ್ಟೋ ಅಷ್ಟೇ. ನಿಮ್ಮಪ್ಪನಿಗೆಷ್ಟೋ ಅಷ್ಟೇ. ಅವರನ್ನ ಬಿಟ್ಟು ವಿಭಾಗದ ದಾವೆ ಹಾಕಿದ್ರೆ ದಾವೆ ನಿಲ್ಲೋದೇ ಇಲ್ಲ. ಪಾಲುದಾರರೆಲ್ಲರೂ ಇರಬೇಕು, ಕುಟುಂಬದ ಆಸ್ತಿ ಎಲ್ಲವೂ ಬರಬೇಕು."

ಮೇಜಿನ ಮೇಲೆ ಲೆಕ್ಕ ಮಾಡಿದೆ, ಅದೊಂದು ಬರುತ್ತದಲ್ಲ. ಎರಡೂ ಸೇರಿ 228 ಗುಂಟೆ. ಮೂರು ಪಾಲು ಮಾಡಿದರೆ 76. ಅತ್ತೆಗೆ 1 ಎಕರೆ 36 ಗುಂಟೆ. ನಮಗೂ ಅಷ್ಟೇ, ಅದರಲ್ಲಿ ಅಮ್ಮ, ತಮ್ಮ, ನಾನು ಮೂವರು. ಬರುವಾಗ ತಮ್ಮನೂ ನಾನೂ ಅರ್ಧ ನಮ್ಮದು ಅಂದುಕೊಂಡು ಬಂದಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ತಮ್ಮ ಹೇಳಿದ, "ಅಕ್ಕ, ಅತ್ತೆಗೆ ಇದು ಗೊತ್ತಾಗದೇ ಇದ್ರೆ?" ಅವನು ಕೆಟ್ಟವನಲ್ಲ. ನನಗೂ ಅದೇ ಯೋಚನೆ ಒಂದು ಗಳಿಗೆ ಬಂದಿತ್ತು. ಅವನು ಬಾಯಿಬಿಟ್ಟು ಹೇಳಿದ, ಅಷ್ಟೇ ವ್ಯತ್ಯಾಸ.

ಇದರ ಮಧ್ಯೆ ಕೊಬ್ಬರಿ ಮಂಡಿಯ ವಿಷಯ ಒಂದಿತ್ತು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯಲೂ ಮುಗಿಯಿತು. ಅಪ್ಪ ಸ್ನೇಹಿತರೊಬ್ಬರ ಜೊತೆ ಒಂದು ಮಂಡಿಯಲ್ಲಿ ಪಾಲು ಹಾಕಿದ್ದರು. ಪಾಲುದಾರಿಕೆ ಪತ್ರ ಇತ್ತು, ನೋಂದಣಿ ಇರಲಿಲ್ಲ. ನಮ್ಮ ಕಡೆ ಮಂಡಿ ವ್ಯವಹಾರ ನಡೆಯುವುದೇ ಹಾಗೆ, ಮಾತು ಮತ್ತು ಚಿಟ್ಟಾ ಪುಸ್ತಕದ ಮೇಲೆ. ಅಪ್ಪ ಹೋದಮೇಲೆ ಆ ಸ್ನೇಹಿತರು "ಅವರ ಬಂಡವಾಳ ಅವರಿಗೇ ವಾಪಸ್ ಕೊಟ್ಟಾಯ್ತಲ್ಲ" ಅಂದರು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಇಲ್ಲ, ಆದರೆ ನೋಂದಣಿ ಆಗದ ಫರ್ಮು ಒಪ್ಪಂದದ ಹಕ್ಕಿಗಾಗಿ ಬೇರೆಯವರ ಮೇಲೆ ದಾವೆ ಹಾಕಲಾರದು, ಪಾಲುದಾರರೂ ಒಬ್ಬರ ಮೇಲೊಬ್ಬರು ಹಾಕಲಾರರು. ಒಂದು ಬಾಗಿಲು ಮಾತ್ರ ತೆರೆದಿದೆ. ಫರ್ಮು ಮುಚ್ಚಿದ್ದರೆ ಅದರ ಲೆಕ್ಕ ಕೇಳಬಹುದು. ಇಬ್ಬರೇ ಇದ್ದ ಪಾಲುದಾರಿಕೆಯಲ್ಲಿ ಒಬ್ಬರು ಸತ್ತರೆ ಅದು ಅಲ್ಲಿಗೇ ಮುಗಿದ ಹಾಗೆ, ಒಬ್ಬರೇ ಕೂತು ಎಂಥ ಪಾಲುದಾರಿಕೆ? ಲೆಕ್ಕ ಕೇಳಲು ಅಲ್ಲಿಂದ ಮೂರು ವರ್ಷ ಗಡುವು. ನಮ್ಮದು 2021ರ ನವೆಂಬರಿಗೇ ಮುಗಿದಿತ್ತು. ಆದರೆ ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಗಡುವಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಹಾಗಾಗಿ ನೋಟಿಸ್ ಕೊಡಲು ಸಮಯ ಉಳಿದಿತ್ತು. ನೋಟಿಸ್ ಹೋದ ಮೂರನೇ ವಾರಕ್ಕೆ ಅವರೇ ಚಿಟ್ಟಾ ಪುಸ್ತಕ ಹಿಡಿದುಕೊಂಡು ಮನೆಗೆ ಬಂದರು. ಲೆಕ್ಕದಲ್ಲಿ ಬಂಡವಾಳದ ಅರ್ಧ ಅಪ್ಪ ನಿಜವಾಗಿಯೂ ತೆಗೆದುಕೊಂಡಿದ್ದರು, ಅಮ್ಮನಿಗೂ ಹೇಳದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಉಳಿದರ್ಧ ಕೊಟ್ಟರು. ಅಮ್ಮ ಅವರಿಗೆ ಹೋಳಿಗೆ ಬಡಿಸಿ ಕಳಿಸಿದಳು. ನನಗಾಗಿದ್ದರೆ ಆಗುತ್ತಿರಲಿಲ್ಲ.

ಬ್ಯಾಂಕಿನ ಎಫ್‌ಡಿಗೆ ತಮ್ಮ ನಾಮಿನಿ. ದುಡ್ಡು ತನ್ನದೇ ಅಂದುಕೊಂಡಿದ್ದ. ನಾಮಿನಿ ಅಂದರೆ ದುಡ್ಡನ್ನು ಬ್ಯಾಂಕಿನಿಂದ ಈಸಿಕೊಂಡು ವಾರಸುದಾರರಿಗೆ ಕೊಡಬೇಕಾದ ಕೈ ಅಷ್ಟೇ. ಶೇರುಗಳಿಗೂ ಅದೇ ಮಾತು, 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮ ಮನೆಯಲ್ಲೂ ಯಾರಾದರೂ "ನಾನು ನಾಮಿನಿ" ಅಂತ ಎದೆ ತಟ್ಟಿಕೊಳ್ಳುತ್ತಿದ್ದರೆ ಮೆಲ್ಲಗೆ ಹೇಳಿ.

ಇನ್ನೊಂದು ಪದ ನಮ್ಮಲ್ಲಿ ಬಹಳ ಅಗ್ಗ. ಪಿತ್ರಾರ್ಜಿತ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ಜನ ಅಂದುಕೊಂಡಿದ್ದಾರೆ. ತಿಪಟೂರಿನಲ್ಲಿ ಅಪ್ಪ ಸ್ವಂತ ದುಡ್ಡಿನಲ್ಲಿ ಸೈಟು ತಗೊಂಡು ಕಟ್ಟಿಸಿದ ಮನೆಯಿದೆ. ತಮ್ಮನ ಮಗ ಹದಿನಾರು ವರ್ಷದವನು, "ತಾತನ ಮನೆಯಲ್ಲಿ ನನಗೂ ಹುಟ್ಟಿನಿಂದ ಪಾಲಿದೆ" ಅಂತ ಎಲ್ಲೋ ವಿಡಿಯೋ ನೋಡಿ ಬಂದು ಹೇಳಿದ. ಇಲ್ಲ. ಅದು ಅಪ್ಪನ ಸ್ವಯಾರ್ಜಿತ. ಅವರು ಬೇಕಾದವರಿಗೆ ಬರೆದುಕೊಡಬಹುದಿತ್ತು. ಬರೆಯದೆ ಹೋದದ್ದಕ್ಕೆ ಹೆಂಡತಿ ಮಕ್ಕಳಿಗೆ ಸಮನಾಗಿ ಬಂತು. ತಮ್ಮನ ಕೈಗೆ ಬಂದ ಪಾಲು ತಮ್ಮನ ಸ್ವಂತದ್ದು, ಮಗನಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. ಹುಡುಗ ಸ್ವಲ್ಪ ಮಂಕಾದ.

ಸರಿ, ಅತ್ತೆಯ ವಿಷಯಕ್ಕೆ ಬರುತ್ತೇನೆ.

ದಾವೆ ಹಾಕಿದರೆ ಏನಾಗುತ್ತದೆ ಅಂತ ವಕೀಲರು ಹೇಳಿದ್ದರು. ಮೊದಲು ಯಾರಿಗೆ ಎಷ್ಟು ಪಾಲು ಅನ್ನುವ ಪ್ರಾಥಮಿಕ ಡಿಕ್ರಿ. ಅದರ ಮೇಲೆ ಅಪೀಲು. ಆಮೇಲೆ ಯಾವ ತುಂಡು ಯಾರಿಗೆ ಅನ್ನುವುದಕ್ಕೆ ಅಂತಿಮ ಡಿಕ್ರಿಯ ಅರ್ಜಿ. ಮನೆ ಸೈಟಾದರೆ ಕೋರ್ಟ್ ಕಮಿಷನರ್ ಬರುತ್ತಾರೆ, ಕಂದಾಯದ ಜಮೀನಾದರೆ ಅಳೆದು ಹಂಚುವ ಕೆಲಸ ಡಿ.ಸಿ. ಕಡೆಗೆ ಹೋಗುತ್ತದೆ. "1994ರ ಕಡತ ನೋಡಿದ್ರಲ್ಲ," ಅಂದರು. ಮಾತಾಡಿ ಬಗೆಹರಿಸಿಕೊಳ್ಳಿ, ಬಗೆಹರಿದದ್ದನ್ನು ರಿಜಿಸ್ಟರ್ ಮಾಡಿಸಿ, ಈ ಸಲವಾದರೂ ಅಂತ ಸಲಹೆ ಕೊಟ್ಟರು. ಅಣ್ಣನಿಗೆ ಮಾತ್ರ ಒಂದು ನೋಟಿಸ್ ಕಳಿಸಿದರು. ಅಡ್ವಾನ್ಸ್ ಕೊಟ್ಟವರು ಅದನ್ನು ನೋಡಿ ಹಿಂದೆ ಸರಿದರು.

ದೊಡ್ಡಪ್ಪ ಒಪ್ಪಿದ್ದು ನಮಗೆ ಆಶ್ಚರ್ಯ. ಅವರಿಗೆ ಎಂಬತ್ತೆರಡು. "ತಂಗಿ ಹತ್ರ ಒಂದು ಹಕ್ಕು ಬಿಡುಗಡೆ ಪತ್ರ ಬರೆಸ್ಕಂಡ್ಬಿಡಿ. ಅವಳು ಸೈನ್ ಹಾಕ್ತಾಳೆ. ನಮ್ಮನ್ನ ಎದುರು ಹಾಕ್ಕಣಲ್ಲ," ಅಂದರು. ಅವರು ಹೇಳಿದ ರೀತಿಯಲ್ಲಿ ಸುಳ್ಳಿರಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅತ್ತೆಗೆ ಬಾಗಿನ ಹೋಗುತ್ತಿತ್ತು. ಸೀರೆ, ಅರಿಶಿನ ಕುಂಕುಮ, ಬಳೆ, ಒಂದು ಚೀಲ ತೆಂಗಿನಕಾಯಿ. ಅಪ್ಪನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಹಳೇ ಕಾಲದಲ್ಲಿ ಅನುಕೂಲ ಇದ್ದ ಮನೆಯವರು ಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ತುಂಡು ಜಮೀನನ್ನೇ ಬಿಟ್ಟುಕೊಡುತ್ತಿದ್ದರಂತೆ. ನಮ್ಮಲ್ಲಿ ಅದು ಸೀರೆಗೆ ಬಂದು ನಿಂತಿತ್ತು.

ಅರಸೀಕೆರೆಗೆ ನಾನು, ತಮ್ಮ, ಅಣ್ಣ ಮೂವರೂ ಹೋದೆವು. ಅತ್ತೆ ಹಿತ್ತಲಲ್ಲಿ ಅವರೇಕಾಯಿ ಸುಲಿಯುತ್ತಿದ್ದಳು. ಅಣ್ಣ ಬಂದ ವಿಷಯ ಹೇಳಿದ. ಬಿಡುಗಡೆ ಪತ್ರದ ಕರಡು ತೋರಿಸಿದ. ಅತ್ತೆ ಕಾಗದ ಮುಟ್ಟಲಿಲ್ಲ, ಕೈಯಲ್ಲಿ ಸೊನೆ ಇತ್ತು.

"ಹಾಕ್ತೀನಿ ಬಿಡಪ್ಪ. ಆದ್ರೆ ಯಾವುದ್ನ ಬಿಟ್ಕೊಡ್ತಿದೀನಿ ನಾನು?"

"ಅದೇ ಅತ್ತೆ, ನಿಮ್ ಪಾಲು."

"ಅದೇ ಯಾವುದು ಅಂತ. ಎಲ್ಲಿಂದ ಎಲ್ಲೀಗಂಟ? ಬಾವಿ ಹತ್ರದ್ದಾ, ಹುಣಸೇಮರದ ಕಡೇದಾ? ಬಿಡ್ಬೇಕು ಅಂದ್ರೂ ಮೊದ್ಲು ಅದು ನಂದು ಅಂತ ಆಗ್ಬೇಕಲ್ವೇನೋ?"

ಅಣ್ಣ ನನ್ನ ಮುಖ ನೋಡಿದ. ನಾನು ಅವರೇಕಾಯಿ ಬುಟ್ಟಿ ಹತ್ತಿರಕ್ಕೆಳೆದುಕೊಂಡು ಸುಲಿಯಲು ಕೂತೆ. ಆವತ್ತು ಸಹಿ ಆಗಲಿಲ್ಲ. ಸಾಯಂಕಾಲ ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಹೌದಾ ಕಣೇ, ನನಗೂ ಇದೆಯಾ?" ಇದೆ ಅತ್ತೆ, ದೊಡ್ಡಪ್ಪನಿಗೆ ಎಷ್ಟೋ ಅಷ್ಟೇ ಅಂದೆ. ವಕೀಲರಿಗೆ ದುಡ್ಡಿಲ್ಲ ಅಂದಳು. ಹೆಂಗಸರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ, ಅಂತ ಹೇಳಿದೆ. ನನ್ನ ವಿರುದ್ಧವೇ ನಾನು ವಕೀಲರನ್ನು ಹುಡುಕಿಕೊಟ್ಟ ಹಾಗಾಯಿತು. ರೈಲಿನಲ್ಲಿ ತಮ್ಮ ಮಾತಾಡಲಿಲ್ಲ.

ಅತ್ತೆಯ ಮಗ ಪೂರ್ತಿ ಪಾಲು ಬೇಕು ಅಂತ ಹಟ ಹಿಡಿದ. ದೊಡ್ಡಪ್ಪ ಎರಡು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲ. ನಡುವೆ ಒಂದು ಬಾಗಿನ ತಪ್ಪಿತು. ಅದನ್ನೆಲ್ಲ ಬರೆಯಲು ಮನಸ್ಸಿಲ್ಲ. ಕೊನೆಗೆ ಅತ್ತೆಯೇ ತೀರ್ಮಾನ ಹೇಳಿದಳು. ತೋಟದಲ್ಲಿ ಬಾವಿ ಪಕ್ಕದ 20 ಗುಂಟೆ ತನಗೆ, ಉಳಿದ 56 ಗುಂಟೆಯ ಬದಲಿಗೆ ಎರಡೂ ಮನೆಯವರು ಸೇರಿ ಹಣ ಕೊಡಬೇಕು. ಮಗನ ಕಡೆ ತಿರುಗಿ, "ಅದು ನಮ್ಮಪ್ಪನ್ದು. ನಿಮ್ಮಪ್ಪನ್ದಲ್ಲ," ಅಂದಳು.

ಒಂದು ಸರ್ವೆ ನಂಬರನ್ನು ತುಂಡು ಮಾಡಿ ರಿಜಿಸ್ಟರ್ ಮಾಡಿಸಬೇಕಾದರೆ 11ಇ ನಕ್ಷೆ ಬೇಕು. ಸರ್ವೆಯರ್ ಬಂದು ಅಳೆದು ಗೆರೆ ಹಾಕಿದ ಮೇಲೇ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾತು. ಸರ್ವೆಯರ್ ಬಂದ ದಿನ ಅತ್ತೆ ಬೆಳಿಗ್ಗೆ ಆರಕ್ಕೇ ಊರಲ್ಲಿದ್ದಳು. ಮದುವೆಯಾದಮೇಲೆ ಹಬ್ಬಕ್ಕೆ, ಸಾವಿಗೆ ಬಿಟ್ಟು ಅವಳು ತೋಟಕ್ಕೆ ಬಂದದ್ದು ಕಡಿಮೆ. ಸರ್ವೆಯರ್ ಹಳೇ ಬಾಂದುಕಲ್ಲು ಹುಡುಕುತ್ತಿದ್ದರು. ಸಿಗಲಿಲ್ಲ. ನಕ್ಷೆ ತಿರುಗಿಸಿ ಮುರುಗಿಸಿ ನೋಡಿದರು. ಅಣ್ಣ, ತಮ್ಮ ಇಬ್ಬರೂ ಕೈಚೆಲ್ಲಿದರು. ಅತ್ತೆ ಸೀದಾ ಬೇಲಿ ಮೂಲೆಗೆ ಹೋಗಿ ಲಂಟಾನ ಪೊದೆಯ ಬುಡ ತೋರಿಸಿದಳು. "ಇಲ್ಲಿ ಅಗೀರಿ. ಚಿಕ್ಕೋಳಿದ್ದಾಗ ಇದರ ಮೇಲೆ ಕೂತ್ಕಂಡು ಎಮ್ಮೆ ಕಾಯ್ತಿದ್ದೆ." ಅರ್ಧ ಅಡಿ ಅಗೆದಾಗ ಕಲ್ಲು ಸಿಕ್ಕಿತು. ಸರ್ವೆಯರ್ ನಕ್ಕು, ಇವರನ್ನ ನಮ್ಮ ಇಲಾಖೆಗೆ ಕೊಡಿ ಅಂದರು.

ಅವಳ 20 ಗುಂಟೆಯಲ್ಲಿ 22 ಮರ. ಎರಡು ಸಲ ಎಣಿಸಿದಳು.

ವಿಭಾಗ ಪತ್ರ ರಿಜಿಸ್ಟರ್ ಆದ ವಾರವೇ ಅಮ್ಮ ತನ್ನ ಉಯಿಲು ಬರೆಸಬೇಕು ಅಂದಳು. ಇಷ್ಟೆಲ್ಲ ನೋಡಿ ಅವಳಿಗೆ ಸಾಕಾಗಿತ್ತು. ಈಗಲೇ ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ, ರಗಳೆ ಇರೋಲ್ಲ ಅಂತ ನೆಂಟರು ಹೇಳಿದ್ದರು. ವಕೀಲರು ಬೇಡ ಅಂದರು. ದಾನಪತ್ರ ರಿಜಿಸ್ಟರ್ ಆದ ದಿನ ಆಸ್ತಿ ಕೈಬಿಟ್ಟ ಹಾಗೆ. ಉಯಿಲನ್ನು ಉಸಿರಿರುವವರೆಗೂ ಬದಲಾಯಿಸಬಹುದು. ದಾನವನ್ನೇ ಮಾಡುವುದಾದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎ.ಸಿ., ಅಂದರೆ ಉಪವಿಭಾಗಾಧಿಕಾರಿ, ಹತ್ತಿರ ಹೋಗಿ ಪತ್ರ ರದ್ದು ಮಾಡಿಸಬಹುದು.

ಉಯಿಲಿಗೆ ಛಾಪಾಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಬರೆದವರು ಸಹಿ ಹಾಕುವುದನ್ನು ನೋಡಿದ ಇಬ್ಬರು ಸಾಕ್ಷಿ ಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಸಾಕ್ಷಿಗಳು ನಮಗಿಂತ ಚಿಕ್ಕವರಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಲ್ಲ. ನಾನು ಪಕ್ಕದಲ್ಲಿ ಕೂತು ಸಾಲುಗಳನ್ನು ಹೇಳಿಕೊಡಲು ಹೋದೆ. ವಕೀಲರು ನನ್ನನ್ನು ಹೊರಗೆ ಕಳಿಸಿದರು. ಲಾಭ ಆಗುವವರೇ ಮುಂದೆ ನಿಂತು ಬರೆಸಿದ ಉಯಿಲಿನ ಮೇಲೆ ಕೋರ್ಟಿಗೆ ಅನುಮಾನ ಬರುತ್ತದೆ, ಆ ಅನುಮಾನ ಕಳೆಯುವ ಹೊಣೆ ಉಯಿಲು ತಂದವರದ್ದು. ದೇಶಕ್ಕೆಲ್ಲ ಈ ನಿಯಮ ಹೇಳಿಕೊಟ್ಟ ಸುಪ್ರೀಂ ಕೋರ್ಟಿನ ತೀರ್ಪು ನಮ್ಮ ಮೈಸೂರು ಕಡೆಯದೇ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮನವರ ವ್ಯಾಜ್ಯ, 1958ರದ್ದು. ಇಂದಿಗೂ ಉಯಿಲಿನ ಜಗಳ ಬಂದರೆ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ಅದೇ ಅಂತೆ.

ಹೊರಗಿನ ಬೆಂಚಿನಿಂದ ನನಗೆ ಕೇಳಿಸುತ್ತಿತ್ತು. "ಸ್ವಸ್ಥಚಿತ್ತಳಾಗಿ" ಅಂತ ಬರಹಗಾರರು ಓದಿದರು. ಅಮ್ಮ ಅದೇನು ಅಂತ ಕೇಳಿದಳು. ತಲೆ ಸರಿ ಇದೆ ಅಂತ ಅಮ್ಮಾ ಅಂದರು ಅವರು. "ಅದನ್ನೂ ಬರೀಬೇಕಾ? ನೋಡಿದ್ರೆ ಗೊತ್ತಾಗಲ್ವಾ?" ಅಂದಳು. ಉಯಿಲಿನಲ್ಲಿ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ತಮ್ಮನಿಗೂ ಗೊತ್ತಿಲ್ಲ. ಬೀರುವಿನ ಕೀಲಿಕೈ ಅಮ್ಮನ ಸೊಂಟದಲ್ಲಿದೆ.

ವಿಭಾಗ ಪತ್ರದ ಮೇಲೆ ಮ್ಯುಟೇಶನ್ ಆಗಿ, ತಕರಾರು ಹೇಳಲು ಇಟ್ಟ ಗಡುವು ಕಳೆದು, ಹೊಸ ಪಹಣಿ ಬಂದಿತು. ನಾಡಕಚೇರಿಯಿಂದ ಅತ್ತೆಯ ಹಾಳೆಯನ್ನು ತೆಗೆಸಿಕೊಂಡು ನಾನೇ ಅರಸೀಕೆರೆಗೆ ಹೋದೆ. ಒಂಬತ್ತನೇ ಕಾಲಂ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು, ಅಕ್ಷರ ಕೂಡಿಸಿ ಓದಿದಳು. ಅವಳ ಹೆಸರು, ಆಮೇಲೆ "ಕೋಂ", ಆಮೇಲೆ ಮಾವನ ಹೆಸರು. ಯಾರ ಹೆಂಡತಿ ಅಂತ.

"ಅಪ್ಪನ ಹೆಸರು ಎಲ್ಲೇ?"

ಆಫೀಸಿನಲ್ಲಿ ಆಧಾರ್ ನೋಡಿ ಹಾಗೆ ಹಾಕಿರ್ತಾರೆ ಅತ್ತೆ, ಹಕ್ಕಿಗೇನೂ ತೊಂದರೆ ಇಲ್ಲ ಅಂದೆ.

"ತೊಂದ್ರೆ ಇಲ್ದಿದ್ರೆ ಸರಿ. ಆದ್ರೂ ತಿದ್ದಿಸ್ಬೇಕು."

ನಾನು ಅರ್ಜಿ ಬರೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ ಅಂತ ಹಾಳೆ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ನಾಲ್ಕಾಗಿ ಮಡಚಿ ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡಳು. ತಾಲೂಕಾಫೀಸು ಎಷ್ಟು ಗಂಟೆಗೆ ತೆಗೀತಾರೆ, ಅಲ್ಲಿಗೆ ಯಾವ ಬಸ್ಸು ಹೋಗುತ್ತೆ ಅಂತ ಕೇಳಿದಳು.